ಗಾದೆಪ್ಪನ ಗ್ಯಾರಂಟಿ

ಎರ್ರೆಪ್ಪ ಸತ್ತ ಹನ್ನೊಂದನೆಯ ದಿನ, ಅವನು ದಾಟಿದನೆಂಬ ಹಳದಿ ಗೆರೆಯನ್ನು ನೋಡಲು ವಿಚಾರಣಾಧಿಕಾರಿ ಚಿದಾನಂದಪ್ಪ ಬಂದರು. ಸಿರುಗುಪ್ಪ ರಸ್ತೆಯ ಆ ಶೆಡ್ಡಿನಲ್ಲಿ ಸಣ್ಣ ವಿಮಾನಗಳ ಎಂಜಿನ್ ಓಡಿಸಿ ಪರೀಕ್ಷಿಸುತ್ತಾರೆ. ಮೂರನೇ ತಾರೀಖು, ಎಂಜಿನ್ನಿನ ಮುಂದೆ ತಿರುಗುತ್ತಿದ್ದ ಪಂಖದ ರೆಕ್ಕೆ ಬಡಿದು, ಅಲ್ಲಿ ಕೆಲಸಕ್ಕಿದ್ದ ಎರ್ರೆಪ್ಪ ನಿಂತಲ್ಲೇ ಹೋಗಿದ್ದ.

ಮ್ಯಾನೇಜರ್ ಗುರುರಾಜ ಗೆರೆಯ ಈಚೆ ನಿಂತ. “ಇಲ್ಲೇ ನಿಂದರಬೇಕಿತ್ರಿ. ಹಿಂಗ ದಾಟಿ ಹೋದ,” ಎನ್ನುತ್ತಲೇ ಆಚೆ ಜಿಗಿದ. ಅಧಿಕಾರಿ ಬರೆದುಕೊಳ್ಳುವುದು ತಡವಾದದ್ದರಿಂದ ಈಚೆ ಬಂದು ಇನ್ನೊಮ್ಮೆ ಜಿಗಿದ. ಹೊಟ್ಟೆ ಬಂದ ಮನುಷ್ಯ, ಪಾಪ, ನೌಕರಿಗಾಗಿ ಅಷ್ಟು ಬೆವರಿದ್ದು ಅದೇ ಮೊದಲು.

“ಗೆರೆ ಯಾವಾಗ ಹಾಕಿಸಿದ್ದು?”

“ಶೆಡ್ ಶುರುವಾದಾಗಿಂದ ಅದರಿ, ಮೂರು ವರ್ಷ. ಬೋರ್ಡೂ ಅದ ನೋಡ್ರಿ.”

ಗೋಡೆಯ ಮೇಲೆ ಕೆಂಪು ಅಕ್ಷರ: ‘ಎಂಜಿನ್ ಓಡುವಾಗ ಹಳದಿ ಗೆರೆ ದಾಟಬಾರದು.’ ಎಣ್ಣೆ, ಮಸಿ ಹಿಡಿದ ಆ ಶೆಡ್ಡಿನಲ್ಲಿ ಗೆರೆ ಮತ್ತು ಬೋರ್ಡು ಮಾತ್ರ ಮದುಮಕ್ಕಳ ಹಾಗೆ ಥಳಥಳಿಸುತ್ತಿದ್ದವು. “ದಿನಾ ಒರಸ್ತೀವ್ರಿ,” ಎಂದ ಗುರುರಾಜ, ಯಾರೂ ಕೇಳದಿದ್ದರೂ.

ಬಾಗಿಲಲ್ಲಿ ಎರ್ರೆಪ್ಪನ ಹೆಂಡತಿ ಮಾರೆಮ್ಮ ನಿಂತಿದ್ದಳು. ಕುರುಗೋಡಿನಲ್ಲಿ ಮಿರ್ಚಿ ಬಂಡಿ ಇಟ್ಟವಳು. ಗಂಡ ತನ್ನ ತಪ್ಪಿನಿಂದಲೇ ಸತ್ತ ಎಂದು ಕಾಗದದಲ್ಲಿ ಬರೆದುಬಿಡುತ್ತಾರಲ್ಲ ಎಂಬ ಸಂಕಟಕ್ಕೇ ಬಸ್ಸು ಹತ್ತಿ ಬಂದಿದ್ದಳು.

“ಸರ, ರೈಲ್ವೆ ಗೇಟ್ ಎತ್ತಿದ ಮ್ಯಾಲೂ ಹಿಂದಿನೋರು ಬೈಯೋ ತನಕ ಅವ್ರು ಸೈಕಲ್ ಹತ್ತತಿದ್ದಿಲ್ಲ. ಗೆರಿ ಇದ್ದಿದ್ರ ದಾಟತಿದ್ದಿಲ್ಲ.”

“ದುಃಖದಾಗ ಹಂಗ ಅನಸ್ತದಮ್ಮ,” ಎಂದ ಗುರುರಾಜ.

ಅವಳು ಬೋರ್ಡಿನ ಹತ್ತಿರ ಹೋಗಿ ಕೆಳಗಿನ ಮೂಲೆಗೆ ಬೆರಳಿಟ್ಟಳು. “ಸಣ್ಣ ಅಕ್ಷರದಾಗ ಬರದದ್ದೂ ಓದ್ರಿ ಸರ. ನನ್ ಬಂಡಿ ಬೋರ್ಡ್ ಬರದೋನೂ ಈತನ.”

‘ಗಾದೆಪ್ಪ ಪೇಂಟರ್, ಕೌಲ್ ಬಜಾರ್.’ ಅದರ ಕೆಳಗೆ ಫೋನ್ ನಂಬರು, ತಾರೀಖು. ಬಳ್ಳಾರಿಯ ಅರ್ಧ ಬೋರ್ಡುಗಳ ಮೂಲೆಯಲ್ಲಿ ಈ ಸಹಿ ಇರುವುದರಿಂದ ಯಾರೂ ಅದನ್ನು ಓದುವ ಗೋಜಿಗೆ ಹೋಗುವುದಿಲ್ಲ. ಗುರುರಾಜನೂ ಹೋಗಿರಲಿಲ್ಲ. ತಾರೀಖು ಇದೇ ತಿಂಗಳ ಒಂಬತ್ತು.

“ಹಳೇ ಗೆರಿಗೇ ಮತ್ತ ಬಣ್ಣ ಹೊಡಸೀವ್ರಿ,” ಎಂದ ಗುರುರಾಜ. ಚಿದಾನಂದಪ್ಪ ಆ ನಂಬರಿಗೆ ಫೋನ್ ಹಚ್ಚಿ, ಸ್ಪೀಕರ್ ಒತ್ತಿ, ಶೆಡ್ಡಿನ ಹೆಸರು ಹೇಳಿದರು.

“ಬಣ್ಣ ಬಿಟ್ಟೈತೇನ್ರಿ?” ಎಂದಿತು ಗಾದೆಪ್ಪನ ದನಿ. “ವರ್ಷದ ಗ್ಯಾರಂಟಿ ಐತಿ, ಅದಕ್ಕ ನಾ ತಾರೀಖು ಹಾಕೋದು. ಗೆರಿನೂ ನಂದ, ಬೋರ್ಡೂ ನಂದ, ಎರಡೂ ಒಂದ ದಿನದ ಕೆಲಸ.”

“ಗೆರೆ ಮೊದಲೇ ಇತ್ತಂತಲ್ಲಪ್ಪ?”

“ಯಾರ್ ಹೇಳಿದ್ರಿ? ಬರೇ ಸಿಮೆಂಟ್ ಇತ್ತು. ಹಳೇ ಬಣ್ಣದ ಮ್ಯಾಲೆ ಹೊಡದ್ರ ನಾ ಗ್ಯಾರಂಟಿ ಕೊಡಂಗಿಲ್ರಿ.”

ಚಿದಾನಂದಪ್ಪ ಫೋನ್ ಇಟ್ಟು, ಅದುವರೆಗೆ ಬರೆದದ್ದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು.

“ಸರ, ಆ ಬೋರ್ಡು ಈಗಲೇ ತೆಗಸಿಬಿಡ್ತೀನ್ರಿ,” ಎಂದು ಗುರುರಾಜ ಸ್ಟೂಲು ಹುಡುಕತೊಡಗಿದ.

“ತೆಗೀಬ್ಯಾಡ್ರಿ,” ಎಂದಳು ಮಾರೆಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. “ನಾಳಿ ಕೆಲಸಕ್ಕ ಬರೋರು ಓದ್ತಾರ. ನಮ್ಮನಿಯವ್ರಿಗಿ ಆರು ದಿನ ತಡ ಆತು, ಅಷ್ಟ.”