ಸ್ವಂತ ದುಃಖಕ್ಕೆ ಮಾತ್ರ ರಜೆ

ಯಾರು ಕೈ ಹಿಡಿದರೂ ಎದುರಿನವರ ದುಃಖವೆಲ್ಲ ಹಿಡಿದವರಿಗೆ ಇಳಿಯುತ್ತಿದ್ದ ಕಾಲವದು. ದಾವಣಗೆರೆಯ ವಿಮಾ ಕಚೇರಿಯ ಕೊಟ್ರೇಶಿಯಷ್ಟು ದುಃಖ ಹೀರುವ ಗುಮಾಸ್ತ ಮೂರು ಲೋಕದಲ್ಲೂ ಇರಲಿಲ್ಲ. ಸತ್ತವರ ವಿಮೆ ಕೇಳಲು ಬಂದವರು ಅವನ ಮೇಜಿನಿಂದ ನಗುತ್ತಲೇ ಏಳಬೇಕು. ನಗದೆ ಹೊರಟವರನ್ನು ಬಾಗಿಲಲ್ಲಿದ್ದ ಗುಣಮಟ್ಟದ ಅಧಿಕಾರಿ ವಾಪಸು ಅಟ್ಟುತ್ತಿದ್ದ.

ಅಂದು ಮಧ್ಯಾಹ್ನ ಕೊಟ್ರೇಶಿ ಎಚ್‌ಆರ್ ಮೇಡಂ ಮುಂದೆ ಕೋಡಿ ಬಿದ್ದ ಕೆರೆಯಂತೆ ಅತ್ತ. "ನನ್ನ ಹೆಂಡ್ತಿ ತೀರ್ಕೊಂಡ್ಲು ಮೇಡಂ. ಮಣ್ಣು ಮಾಡ್ಬೇಕು, ರಜಾ ಕೊಡ್ರಿ."

"ಸ್ವಂತ ದುಃಖಕ್ಕೆ ಮಾತ್ರ ರಜಾ, ಕೊಟ್ರೇಶಿ. ಈ ದುಃಖ ಬೆಳಿಗ್ಗೆ ಹೆಂಡ್ತಿ ವಿಮೆ ಕೇಳೋಕೆ ಬಂದಿದ್ರಲ್ಲ, ಆ ಗಿರಾಕಿದು. ನಿಮ್ಮ ಹಾಲಮ್ಮ ಬುತ್ತಿ ತಂದು ಹೊರಗೇ ಕೂತಿದ್ದಾರೆ ನೋಡ್ರಿ."

ಕೊಟ್ರೇಶಿ ತಿರುಗಿ ನೋಡಿದ. ಹೆಂಡತಿ ಕೂತಿದ್ದಳು. ಹೆಂಡತಿ ಸತ್ತಿದ್ದಳು. ಎರಡೂ ನಿಜವೆನಿಸಿ ಅವನ ತಲೆ ಬುಗುರಿಯಂತೆ ಗಿರ್ರೆಂದಿತು.

"ಬದುಕಿರೋಳಿಗೆ ಅಳ್ತೀರಲ್ರೀ, ನಾಚ್ಕಿ ಆಗಲ್ವಾ? ಏಳ್ರಿ ಮೇಲೆ!" ಎಂದು ಒಳಗೆ ನುಗ್ಗಿದ ಹಾಲಮ್ಮ ಅವನ ಕೈ ಹಿಡಿದು ಎಳೆದಳು.

ಮರುಕ್ಷಣವೇ ಅವಳು ಎದೆ ಬಡಿದುಕೊಂಡು, "ಅಯ್ಯೋ, ನನ್ನ ಹೆಂಡ್ತಿ ಹೋದ್ಲಲ್ಲಪ್ಪೋ!" ಎಂದು ಸೂರು ಹಾರುವಂತೆ ಗೋಳಿಟ್ಟಳು.

ಕೊಟ್ರೇಶಿ ಹೂವಿನಂತೆ ಹಗುರಾಗಿ ಕಣ್ಣೊರೆಸಿಕೊಂಡು, ಅವಳನ್ನೇ ಪಿಳಿಪಿಳಿ ನೋಡಿದ.

"ಯಾವ ಹೆಂಡ್ತಿನೇ? ನಮ್ಮನೇಲಿ ಹೆಂಡ್ತಿ ಅಂತ ಇರೋಳು ನೀನೊಬ್ಳೇ ಅಲ್ವೇನೇ?"