ಹೋಳಿಗೆಗೆ ಮುಂಚೆ ಜಳಕ

ಹೋಳಿಗೆ ಊಟಕ್ಕೆಂದು ಬಂದ ಕಾಂಟ್ರಾಕ್ಟರ್ ಸಂಗು ಇನ್ನೂ ಚಪ್ಪಲಿ ಬಿಡುತ್ತಿದ್ದ, ಅಷ್ಟರಲ್ಲೇ ಮನೆಯ ಹಿರಿಯಾಕೆ ಕಾಶಿಬಾಯಿ ಅವನ ಕೈಗೊಂದು ಟವೆಲ್ ಕೊಟ್ಟುಬಿಟ್ಟರು.

"ಬಿಸಲಾಗ ಗಾಡಿ ಮ್ಯಾಲ ಬಂದೀದಿ. ಮೈಮ್ಯಾಲ ನೀರ ಹಾಕ್ಕೊಂಡು ಬಾ, ಹೋಳಿಗಿ ಬಿಸಿಬಿಸಿ ನೀಡ್ತೇವಿ."

"ಜಳಕ ಮುಂಜಾನೆನ ಆಗೇತ್ರಿ ಅವ್ವಾರ. ಕೈಕಾಲ ತೊಳಕೋತೇನಿ, ಸಾಕು."

"ನಮ್ಮ ಮನ್ಯಾಗ ಜಳಕ ಇಲ್ಲದ ಹೋಳಿಗಿ ನೀಡೂದಿಲ್ಲ ನೋಡಪಾ."

ಅಂಥ ಪದ್ಧತಿಯೇನೂ ಆ ಮನೆಯಲ್ಲಿರಲಿಲ್ಲ. ಕಾಶಿಬಾಯಿಯ ಎಡಗೈ ಪ್ಲಾಸ್ಟರಿನಲ್ಲಿತ್ತು, ಬಲಗೈಯಿಂದ ಬಚ್ಚಲಮನೆಯ ದಾರಿ ತೋರಿಸಿದರು. ಜೊತೆಗೆ ಬಂದಿದ್ದ ಸಂಗುವಿನ ಹೆಂಡತಿ ಸೌಭಾಗ್ಯ ಬೇರೆ, "ಹಿರೇರು ಅಷ್ಟು ಅಕ್ಕರತಿಲೆ ಹೇಳಾಕತ್ತಾರ, ಹೋಗ್ರಿ" ಎಂದಳು. ಸಂಗು ಹೋಗಲೇಬೇಕಾಯಿತು.

ಅಥಣಿ ರಸ್ತೆಯ ಹೊಸ ಬಡಾವಣೆಯ ಈ ಮನೆಯನ್ನು ಕಟ್ಟಿದವನು ಅವನೇ. ಮೊದಲು ಟಿಕೋಟಾದಲ್ಲಿ ಮದುವೆ ಪೆಂಡಾಲು ಹಾಕುತ್ತಿದ್ದ. "ಲೈಸೆನ್ಸ್ ಐತೇನ್ರಿ?" ಎಂದು ಕಾಶಿಬಾಯಿಯ ಸೊಸೆ ಅನುರಾಧಾ ಕೇಳಿದಾಗ ಕಿಸೆಯಿಂದ ಗಾಡಿಯ ಲೈಸೆನ್ಸ್ ತೆಗೆದು ತೋರಿಸಿದ್ದ. ಎಲ್ಲರೂ ನಕ್ಕರು, ಮಾತು ಅಲ್ಲಿಗೇ ಮುಗಿಯಿತು. ಮನೆ ನೋಡಲು ಚೆಂದವೇ ಬಂತು. ಆದರೆ ಬಚ್ಚಲ ನೆಲದ ಇಳಿಜಾರು ಬಾಗಿಲಿನ ಕಡೆಗಿತ್ತು. ಯಾರೇ ಜಳಕ ಮಾಡಲಿ, ನೀರು ಮೋರಿಗೆ ಬೆನ್ನು ಮಾಡಿ ನೆಟ್ಟಗೆ ಹಾಲ್‌ಗೆ ಬರುತ್ತಿತ್ತು. ಅನುರಾಧಾ ದಿನಾ ಹಳೆಯ ಸೀರೆಗಳನ್ನು ಸುರುಳಿ ಸುತ್ತಿ ಹೊಸ್ತಿಲಿಗೆ ಒಡ್ಡು ಹಾಕುತ್ತಿದ್ದಳು. ಆ ಒಡ್ಡನ್ನೂ ದಾಟಿ ಬಂದ ನೀರಿನಲ್ಲೇ ಮೊನ್ನೆ ಕಾಶಿಬಾಯಿ ಜಾರಿ ಬಿದ್ದದ್ದು. "ಹೊಸಾ ನೆಲ ಐತ್ರಿ, ನೀರು ನಿಧಾನಕ್ಕ ದಾರಿ ಕಲೀತೈತಿ" ಅನ್ನುತ್ತಿದ್ದ ಸಂಗು ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಕಾಶಿಬಾಯಿ ಅವನ ಹೆಂಡತಿಗೆ ಫೋನ್ ಮಾಡಿದರು. "ಮನಿ ಕಟ್ಟಿದಾವ್ರನ್ನ ಜೋಡಿಲೆ ಕರದು ಊಟಕ್ಕ ಹಾಕಿಲ್ಲ ತಂಗಿ, ಬರ್ರಿ" ಅಂದರು. ಇವತ್ತು ಮುಂಜಾನೆ ಎದ್ದವರೇ ಒಡ್ಡಿನ ಸೀರೆಗಳನ್ನೆಲ್ಲ ಒಗೆಸಿ ಅಂಗಳದ ತಂತಿಗೆ ಹಾಕಿಸಿದ್ದರು.

"ಅತ್ತಿ, ಇದು ಬರೋಬರಿ ಅಲ್ಲ ನೋಡ್ರಿ" ಎಂದು ಅನುರಾಧಾ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು. "ಊಟಕ್ಕ ಕರದು ಹಿಂಗ ಮಾಡೂದೇನು?"

"ಊಟಾನೂ ಹಾಕತೇನಲ್ಲ! ನೀ ಹೋಳಿಗಿ ಲಟ್ಟಸು."

ಒಳಗೆ ತಂಬಿಗೆಯ ಸದ್ದು ಶುರುವಾಯಿತು. ಬಚ್ಚಲ ಬಾಗಿಲ ಕೆಳಗಿನಿಂದ ಮೊದಲು ಸಣ್ಣದೊಂದು ಎಳೆ ಹೊರಬಂತು, ಹಿಂದೆಯೇ ಸೋಪಿನ ನೊರೆ ಹೊತ್ತ ನೀರು ಹಾಲ್ ತುಂಬ ಹರಡಿತು. ಚಾಪೆಯ ಮೇಲೆ ಕೂತಿದ್ದ ಸೌಭಾಗ್ಯಳ ಇಳಕಲ್ ಸೀರೆಯ ಅಂಚು ತೊಯ್ದಿತು. ಅವಳು ಚೀರಲಿಲ್ಲ, ಗಾಬರಿಯಾಗಲೂ ಇಲ್ಲ. ಎದ್ದು ನೆರಿಗೆ ಎತ್ತಿ ಸಿಕ್ಕಿಸಿದಳು, ಒಂದು ಕೈಯಲ್ಲಿ ಚಾಪೆ ಸುತ್ತಿದಳು, ಮೂಲೆಯಲ್ಲಿದ್ದ ಅರಿವೆ ತೆಗೆದುಕೊಂಡು ನೀರನ್ನು ಹೊರಬಾಗಿಲ ಕಡೆ ದೂಡತೊಡಗಿದಳು. ಅಷ್ಟು ಚುರುಕು ಅನುರಾಧಾಳಿಗೂ ಬಂದಿರಲಿಲ್ಲ.

"ಅಯ್ಯ, ನೀ ಯಾಕ ತಂಗಿ, ಕೂಡು" ಎಂದರು ಕಾಶಿಬಾಯಿ.

"ಇರ್ಲಿ ಬಿಡ್ರಿ ಅವ್ವಾರ, ನನಗ ರೂಢಿ ಐತಿ. ನಮ್ಮ ಮನ್ಯಾಗೂ ದಿನಾ ಹಿಂಗ. ಜಾಗಾದ್ದ ದೋಷ ಐತಂತ್ರಿ. ಪೂಜಿನೂ ಮಾಡಿಸೇನಿ."

"ಜಾಗಾದ ದೋಷ ಅಂತ ಯಾರ ಹೇಳಿದ್ರು?"

ಸೌಭಾಗ್ಯ ಉತ್ತರ ಹೇಳಲು ಬಾಯಿ ತೆರೆದವಳು ಹಾಗೇ ನಿಂತಳು. ಕೈಯಲ್ಲಿದ್ದ ಅರಿವೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ಸಂಗು ಆರಾಮಾಗಿ ಗುನುಗುತ್ತ ಇನ್ನೊಂದು ತಂಬಿಗೆ ಸುರುವಿಕೊಂಡ, ಅದೂ ಹರಿದು ಬಂದು ಅವಳ ಪಾದ ತೊಳೆಯಿತು. ಕಾಶಿಬಾಯಿಗೆ ಮೊದಲ ಸಲ ಕಸಿವಿಸಿಯಾಯಿತು. ಏಟು ಬೇರೆಯವರಿಗೆ ಬಿದ್ದಿತ್ತು.

ಸಂಗು ಟವೆಲ್ ಸುತ್ತಿಕೊಂಡು ಹೊರಗೆ ಬಂದ. ನೀರು ಕಂಡ, ಹೆಂಡತಿಯನ್ನೂ ಕಂಡ.

"ಏನ್ರೀ, ಇವರ ಜಾಗಾಕ್ಕೂ ದೋಷ ಐತೇನು?" ಎಂದು ಕೇಳಿದಳು ಸೌಭಾಗ್ಯ.

ಅವನು ಅಂಗಿ ಹುಡುಕುವವನಂತೆ ಅತ್ತ ಇತ್ತ ನೋಡಿದ. ಅಂಗಿ ಅವನ ಕೈಯಲ್ಲೇ ಇತ್ತು.

ಎಲ್ಲರೂ ಊಟಕ್ಕೆ ಕೂತರು. ಕಾಶಿಬಾಯಿ ಸೌಭಾಗ್ಯಳ ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಹಾಕಿ, "ನಿನಗ ತ್ರಾಸ ಕೊಡಬೇಕಂತ ಮಾಡಿದ್ದಲ್ಲ ನಮ್ಮವ್ವಾ" ಎಂದರು. ಸೌಭಾಗ್ಯ ಅವರ ಪ್ಲಾಸ್ಟರ್ ಕೈಯನ್ನು ನೋಡಿ ತಲೆಯಾಡಿಸಿದಳು.

ಸಂಗು ಗಂಟಲು ಸರಿಮಾಡಿಕೊಂಡ. "ನಾಳೆನ ಬಂದು ಒಡದು ಹೊಸಾದು ಮಾಡಿಕೊಡ್ತೇನ್ರಿ ಅವ್ವಾರ."

"ಒಡಿಯೂದಷ್ಟ ನೀವು ಮಾಡ್ರಿ" ಎಂದಳು ಸೌಭಾಗ್ಯ. "ಕಟ್ಟೂದು ತಿಳಿದಾವ್ರು ಕಟ್ಟಲಿ. ಖರ್ಚು ನಮ್ಮದು." ಆಮೇಲೆ ಅನುರಾಧಾಳ ಕಡೆ ತಿರುಗಿ, "ಅಕ್ಕಾರ, ಚಲೋ ಗೌಂಡಿ ಸಿಕ್ರ ಇಲ್ಲೀದು ಮುಗದ ಕೂಡಲೆ ನಮ್ಮ ಮನಿಗೂ ಕಳಸ್ರಿ."

"ನಮ್ಮ ಮನಿಗೆ?" ಸಂಗುವಿನ ತುತ್ತು ಬಾಯಿಯ ಹತ್ತಿರವೇ ನಿಂತಿತು. "ಕಾಂಟ್ರಾಕ್ಟರ್ ಮನಿ ಬಚ್ಚಲಾ ಬ್ಯಾರೆದವ ಬಂದು ಒಡದ್ರ ಓಣ್ಯಾಗ ಮಂದಿ ಏನಂತಾರ?"

ಸೌಭಾಗ್ಯ ಅವನ ತಟ್ಟೆಗೆ ಬಿಸಿ ಹೋಳಿಗೆ ಹಾಕಿದಳು.

"ಕಾಂಟ್ರಾಕ್ಟರ್ ಕೆಟ್ಟಾವ ಗಂಟಬಿದ್ದಿದ್ದ ಅಂತ ಹೇಳ್ತೇನಿ. ಅಂವ ನನ್ನ ಗಂಡ ಅಂತ ಹೇಳೂದಿಲ್ಲ, ಉಣ್ರಿ."