ವಿಡಿಯೊಗೊಬ್ಬ ಶಿಷ್ಯೆ

ದೊಡ್ಡವರಿಗೆ ಅಕ್ಷರ ಕಲಿಸುವ ವಿಡಿಯೊ ಮಾಡಬೇಕೆಂದು ನಂಜುಂಡ ಮೇಷ್ಟ್ರು ಹೊರಟಾಗ, ಎದುರು ಕೂತು ಕಲಿಯಲು ಮಾದೇವಿಯ ಹೊರತು ಬೇರೆ ಯಾರೂ ಅವರಿಗೆ ಹೊಳೆಯಲಿಲ್ಲ. ಹೊಲಿಗೆ ಕೆಲಸ ಮುಗಿಸಿ ಮೇಷ್ಟ್ರು ನಿಲ್ಲುವ ಬಸ್ ಸ್ಟಾಪಿಗೇ ಬರುವ ಮಾದೇವಿ ಎರಡು ವರ್ಷದಿಂದ ದಿನಾ ಸಂಜೆ, "ಮೇಷ್ಟ್ರೇ, ಈ ಬಸ್ಸು ಎಲ್ಲಿಗೆ ಹೋಯ್ತದೆ? ಬೋರ್ಡು ಓದಿ" ಎನ್ನುತ್ತಿದ್ದಳು. ಬ್ರಹ್ಮಚಾರಿ ಮೇಷ್ಟ್ರು ಬೋರ್ಡು ಓದಿ, ಅದೂ ಇದೂ ಮಾತಾಡುತ್ತಾ, ಎಷ್ಟೋ ಸಲ ತಮ್ಮ ಬಸ್ಸನ್ನೇ ತಪ್ಪಿಸಿಕೊಂಡಿದ್ದರು.

ಕೇಳಿದ ಕೂಡಲೇ ಅವಳು ಒಪ್ಪಿದಳು. ಮೇಷ್ಟ್ರು ಹದಿನೈದು ದಿನ ಕೂತು ಪಾಠ ಬರೆದರು, ರಟ್ಟಿನಲ್ಲಿ ಅಕ್ಷರಗಳನ್ನು ಕತ್ತರಿಸಿದರು, ಮೊಬೈಲ್ ನಿಲ್ಲಿಸಲು ಸ್ಟ್ಯಾಂಡು ತಂದರು. ಅವರಿಗಿದ್ದದ್ದು ಒಂದೇ ಚಿಂತೆ. ಓದಲು ಕಲಿತ ಮೇಲೆ ಇವಳು ತಮ್ಮನ್ನು ಯಾಕೆ ಮಾತಾಡಿಸುತ್ತಾಳೆ?

ಚಿತ್ರೀಕರಣದ ದಿನ ಮಾದೇವಿ ಹೊಸ ಸೀರೆಯುಟ್ಟು ಬಂದು ಕೂತಳು. ಮೇಷ್ಟ್ರು ಗಡಿಬಿಡಿಯಲ್ಲಿ ಕರಿಹಲಗೆಯ ಮೇಲೆ 'ಪಾಠ ಪ್ರಾರಂಬ' ಎಂದು ಬರೆದು, ಮೊಬೈಲ್ ಒತ್ತಲು ಹೋದರು.

"ತಡೀರಿ ಮೇಷ್ಟ್ರೇ," ಎಂದಳು ಮಾದೇವಿ. "ಅದು ಹೊಟ್ಟೆ ಸೀಳಿದ 'ಭ' ಆಗ್ಬೇಕು."

ಮೇಷ್ಟ್ರ ಕೈಯಿಂದ ಸೀಮೆಸುಣ್ಣ ಜಾರಿ ಬಿತ್ತು. "ನಿಮಗೆ ಓದಕ್ಕೆ ಬರ್ತದಾ?"

"ಪಿಯುಸಿ ಪಾಸಾಗಿದೀನಿ."

"ಮತ್ತೆ ಎರಡು ವರ್ಷದಿಂದ ದಿನಾ ನನ್ನ ಕೈಲಿ ಬೋರ್ಡು ಓದಿಸ್ತಿದ್ರಲ್ಲ!"

ಮಾದೇವಿ ಸೀಮೆಸುಣ್ಣ ಎತ್ತಿಕೊಂಡು, ಅಕ್ಷರ ತಿದ್ದಿ, ಹಲಗೆಯ ಕಡೆಗೇ ಮುಖ ಮಾಡಿ ಹೇಳಿದಳು: "ಅದಕ್ಕೂ ಮೊದ್ಲು ಆರು ತಿಂಗಳು ಸ್ಟಾಪಲ್ಲಿ ನಿಮ್ಮ ಪಕ್ಕದಲ್ಲೇ ಸುಮ್ನೆ ನಿಂತಿದ್ದೆ. ನೀವು ಒಂದು ಸಲನಾದ್ರೂ ಮಾತಾಡಿಸಿದ್ರಾ?"